ಇಕಿಗಾಯ್ ಹಿಡಿದು ಕೆಲಸದ ಗುರಿ ಹಾಕಿಕೊಳ್ಳುವುದು ಹೇಗೆ

ಮಳೆ, ಕಾಲ ಎರಡೂ ಸೇರಿದರೆ ಮಳೆಗಾಲ. ನಡುವಿನ ‘ಕ’ ಹೋಗಿ ‘ಗ’ ಬರುವುದನ್ನು ಹೈಸ್ಕೂಲಿನಲ್ಲಿ ಆದೇಶ ಸಂಧಿ ಅಂತ ಕಲಿತಿದ್ದೇವೆ. ಜಪಾನಿ ಭಾಷೆಯಲ್ಲೂ ಹೆಚ್ಚುಕಡಿಮೆ ಇದೇ ಆಗುತ್ತದೆ. ‘ಇಕಿ’ ಅಂದರೆ ಬದುಕುವುದು, ‘ಕಾಯ್’ ಅಂದರೆ ಪಟ್ಟ ಶ್ರಮಕ್ಕೆ ಸಿಕ್ಕ ಬೆಲೆ. ಎರಡೂ ಕೂಡಿ ಇಕಿಗಾಯ್.

ಈ ‘ಕಾಯ್’ ಎಂಬ ಮಾತನ್ನು ಸರಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ. ದೂರದ ಊರಿಗೆ ಹೋಗಿ, ಬೆಟ್ಟ ಹತ್ತಿ, ಮೇಲಿನ ನೋಟ ಕಂಡಾಗ ಜಪಾನಿಗರು ‘ಕಿತಾ ಕಾಯ್ ಗಾ ಅತ್ತಾ’ ಅನ್ನುತ್ತಾರೆ. ಅದೇ ಜಾಗದಲ್ಲಿ ನಿಂತು ನಾವು ‘ಬಂದಿದ್ದಕ್ಕೂ ಸಾರ್ಥಕ ಆಯ್ತು’ ಅನ್ನುತ್ತೇವೆ. ಅರ್ಥದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ‘ಯಾರಿಗಾಯ್’ ಅಂದರೆ ಮಾಡಿದ್ದಕ್ಕೂ ಸಾರ್ಥಕ ಅನ್ನಿಸುವ ಗುಣ, ‘ಹತಾರಕಿಗಾಯ್’ ಅಂದರೆ ದುಡಿದಿದ್ದಕ್ಕೂ ಸಾರ್ಥಕ ಅನ್ನಿಸುವ ಗುಣ. ಇಕಿಗಾಯ್ ಅಂದರೆ ಬದುಕಿದ್ದಕ್ಕೂ ಸಾರ್ಥಕ ಅನ್ನಿಸುವಂಥದ್ದು.

ಕನ್ನಡದಲ್ಲಿ ಇದನ್ನು ಸಾಮಾನ್ಯವಾಗಿ ‘ಜೀವನದ ಉದ್ದೇಶ’ ಎಂದು ಅನುವಾದಿಸುತ್ತಾರೆ. ದಾರಿ ತಪ್ಪುವುದು ಅಲ್ಲಿಂದಲೇ. ಉದ್ದೇಶ ಅಂದ ಕೂಡಲೇ ಮನಸ್ಸು ದೂರದಲ್ಲೆಲ್ಲೋ ನಿಂತಿರುವ ಒಂದೇ ಒಂದು ದೊಡ್ಡ ಗುರಿಯನ್ನು ಹುಡುಕಲು ಹೊರಡುತ್ತದೆ. ಅದು ಸಿಗುವವರೆಗೆ ಈಗಿನ ಕೆಲಸವೆಲ್ಲ ವ್ಯರ್ಥ ಎಂಬ ಭಾವನೆ ಬೆಳೆಯುತ್ತದೆ. ಸಾರ್ಥಕದ ರೀತಿ ಬೇರೆ. ಅದು ಮಾಡಿ ಮುಗಿಸಿದ ಮೇಲೆ ಗೊತ್ತಾಗುತ್ತದೆ, ಚಿಕ್ಕದಾಗಿರುತ್ತದೆ, ದಿನಕ್ಕೆ ಎರಡು ಮೂರು ಸಲವೂ ಬರಬಹುದು. ಉದ್ದೇಶವನ್ನು ಕುಳಿತು ಯೋಚಿಸಿ ಕಂಡುಕೊಳ್ಳಬೇಕು. ಸಾರ್ಥಕವನ್ನು ಕಳೆದ ದಿನಗಳಿಂದ ಎಣಿಸಿ ತೆಗೆಯಬಹುದು. ಕೆಲಸದ ಗುರಿ ಹಾಕಿಕೊಳ್ಳುವವರಿಗೆ ಬೇಕಾದ್ದು ಈ ಎಣಿಕೆ.

ನಾಲ್ಕು ವೃತ್ತಗಳ ಚಿತ್ರ

ನಿಮಗಿಷ್ಟವಾದದ್ದು, ನಿಮಗೆ ಬರುವಂಥದ್ದು, ಜಗತ್ತಿಗೆ ಬೇಕಾದದ್ದು, ಹಣ ಸಿಗುವಂಥದ್ದು ಎಂದು ನಾಲ್ಕು ವೃತ್ತ ಬರೆದು, ನಾಲ್ಕೂ ಕೂಡುವ ನಡುಮಧ್ಯದಲ್ಲಿ ಇಕಿಗಾಯ್ ಎಂದು ಬರೆದ ಚಿತ್ರವನ್ನು ನೋಡದವರು ಕಡಿಮೆ. ಆಫೀಸಿನ ತರಬೇತಿಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ, ಕಾಲೇಜಿನ ಪ್ಲೇಸ್‌ಮೆಂಟ್ ಶಿಬಿರಗಳಲ್ಲಿ ಅದೇ ಚಿತ್ರ. ಅದು ಜಪಾನಿನದಲ್ಲ. ಸ್ಪೇನಿನ ಜ್ಯೋತಿಷಿ ಆಂಡ್ರೆಸ್ ಸುಸುನಾಗ 2011ರಲ್ಲಿ ಅದನ್ನು ರೂಪಿಸಿದಾಗ ನಡುವೆ ಬರೆದಿದ್ದ ಪದ ಸ್ಪ್ಯಾನಿಷಿನ ‘ಪ್ರೊಪೊಸಿತೊ’, ಅಂದರೆ ಉದ್ದೇಶ. ಜಪಾನಿನ ಒಕಿನಾವಾ ದ್ವೀಪದ ದೀರ್ಘಾಯುಷಿಗಳ ಬಗ್ಗೆ ಅಮೆರಿಕದ ಬರಹಗಾರ ಡ್ಯಾನ್ ಬ್ಯೂಟ್ನರ್ 2009ರಲ್ಲಿ ಮಾಡಿದ ಟೆಡ್ ಭಾಷಣದಲ್ಲಿ ಇಕಿಗಾಯ್ ಎಂಬ ಪದ ಬಂದಿತ್ತು. ಬ್ರಿಟನ್ನಿನ ಮಾರ್ಕ್ ವಿನ್ 2014ರ ಮೇ ತಿಂಗಳಲ್ಲಿ ಎರಡನ್ನೂ ಜೋಡಿಸಿ, ನಡುವಿನ ಪದ ತೆಗೆದು ಇಕಿಗಾಯ್ ಎಂದು ಹಾಕಿದರು. ಚಿತ್ರ ಲೋಕವೆಲ್ಲ ಸುತ್ತಿತು.

ಚಿತ್ರ ಎಲ್ಲಿ ಹುಟ್ಟಿತು ಎನ್ನುವುದಕ್ಕಿಂತ, ಅದನ್ನು ಬಳಸಿದವರಿಗೆ ಏನಾಗುತ್ತದೆ ಎಂಬುದು ಮುಖ್ಯ. ನಾಲ್ಕೂ ಒಂದೇ ಕೆಲಸದಲ್ಲಿ ಸಿಗಬೇಕು ಎಂದು ಅದು ಕೇಳುತ್ತದೆ. ಒಂದು ಕಡಿಮೆಯಾದರೂ ಏನೋ ತಪ್ಪಿದೆ ಎನ್ನುತ್ತದೆ. ಚೆನ್ನಾಗಿ ಸಂಬಳ ಬರುವ, ಕೈಗೆ ಹತ್ತಿದ ಕೆಲಸದಲ್ಲಿರುವವರು ಆ ಕಾಗದದ ಮುಂದೆ ಕುಳಿತು ‘ನನಗೆ ಇಷ್ಟವಾದದ್ದು ಏನು?’ ಎಂಬ ಮೊದಲ ವೃತ್ತದಲ್ಲೇ ಸಿಕ್ಕಿಬೀಳುತ್ತಾರೆ. ಫೋಟೋಗ್ರಫಿ, ಪ್ರವಾಸ, ಅಡುಗೆ ಎಂದು ಮೂರು ಹವ್ಯಾಸ ಬರೆದು ಪೆನ್ನು ಕೆಳಗಿಡುತ್ತಾರೆ. ಅಲ್ಲಿಂದ ಮುಂದೆ ಗುರಿ ಹುಟ್ಟುವುದಿಲ್ಲ.

ಜಪಾನಿನಲ್ಲಿ ಈ ಪದಕ್ಕೂ ಸಂಬಳಕ್ಕೂ ಅಷ್ಟು ನಂಟಿಲ್ಲ. 2010ರಲ್ಲಿ 2,000 ಜಪಾನಿಯರನ್ನು ಕೇಳಿದ ಒಂದು ಸಮೀಕ್ಷೆಯಲ್ಲಿ ಕೆಲಸವೇ ತಮ್ಮ ಇಕಿಗಾಯ್ ಎಂದವರು ಶೇ. 31 ಮಾತ್ರ. ಉಳಿದವರಿಗೆ ಅದು ಮೊಮ್ಮಗು ಇರಬಹುದು, ಹಿತ್ತಲ ತರಕಾರಿ ಇರಬಹುದು, ಶನಿವಾರದ ಗಾಯನ ಕೂಟ ಇರಬಹುದು. ನಮ್ಮಲ್ಲಿ ಇದನ್ನು ಕಾಯಕ ತತ್ವದೊಂದಿಗೆ ಜೋಡಿಸಿ ಮಾತಾಡುವವರಿದ್ದಾರೆ. ಎರಡೂ ಒಂದೇ ಅಲ್ಲ. ಕಾಯಕ ದುಡಿಮೆಯನ್ನೇ ಪೂಜೆಯ ಎತ್ತರಕ್ಕೆ ಏರಿಸುತ್ತದೆ, ಜೊತೆಗೆ ದಾಸೋಹವನ್ನು ಕೇಳುತ್ತದೆ. ಇಕಿಗಾಯ್ ದುಡಿಮೆಯನ್ನು ಕಡ್ಡಾಯ ಮಾಡುವುದೇ ಇಲ್ಲ.

ಕಮಿಯಾ ಮಿಯೆಕೊ ಕೊಟ್ಟ ಎರಡು ಮಾತು

ಇಕಿಗಾಯ್ ಬಗ್ಗೆ ಮೊದಲು ಆಳವಾಗಿ ಬರೆದವರು ಕಮಿಯಾ ಮಿಯೆಕೊ (1914–1979) ಎಂಬ ಮನೋವೈದ್ಯೆ. ಒಕಾಯಾಮಾ ಪ್ರಾಂತ್ಯದ ಒಂದು ದ್ವೀಪದಲ್ಲಿ, 1930ರಲ್ಲಿ ಶುರುವಾದ ನಾಗಶಿಮಾ ಐಸೇಯೆನ್ ಎಂಬ ಸರ್ಕಾರಿ ಕುಷ್ಠರೋಗಿಗಳ ವಸತಿಯಲ್ಲಿ ಅವರು ಕೆಲಸ ಮಾಡಿದರು. ಮನೆಯವರಿಂದ, ಊರಿನಿಂದ ದೂರವಾಗಿ, ಅಲ್ಲೇ ಬಾಳು ಕಳೆಯಬೇಕಾದವರು ಅವರ ರೋಗಿಗಳು. ಕಾಯಿಲೆ ಅಷ್ಟೇನೂ ಉಲ್ಬಣಿಸದವರಲ್ಲೂ ‘ಬದುಕು ಖಾಲಿ’ ಎನ್ನುವವರಿದ್ದರು. ತೀರಾ ಕಷ್ಟದಲ್ಲಿದ್ದವರಲ್ಲೂ ದಿನವನ್ನು ಆಸೆಯಿಂದ ಎದುರುನೋಡುವವರಿದ್ದರು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬ ಪ್ರಶ್ನೆಯಿಂದ ಅವರ 1966ರ ಪುಸ್ತಕ ಹುಟ್ಟಿತು.

ಅವರು ಎರಡು ಸಂಗತಿಗಳನ್ನು ಬೇರ್ಪಡಿಸಿದರು. ಒಂದು, ಸಾರ್ಥಕ ಭಾವ ಹುಟ್ಟಿಸುವ ಮೂಲ: ಒಬ್ಬ ವ್ಯಕ್ತಿ, ಒಂದು ಕೆಲಸ, ಒಂದು ಗಿಡ. ಇನ್ನೊಂದು, ಆ ಮೂಲದಿಂದ ಹುಟ್ಟುವ ಭಾವ. ಇದಕ್ಕೆ ‘ಇಕಿಗಾಯ್‌ಕನ್’ ಎಂಬ ಪದ. ಮೂಲ ಬದಲಾಗಬಹುದು, ಕಳೆದೂ ಹೋಗಬಹುದು. ಅದೇ ಭಾವ ಬೇರೆ ಮೂಲದಿಂದ ಹುಟ್ಟಬಹುದು. ಇದು ಸುಖಕ್ಕಿಂತ ಭಿನ್ನ, ಮುಂದಕ್ಕೆ ಮುಖ ಮಾಡಿದ ಭಾವ ಎಂದೂ ಅವರು ಹೇಳುತ್ತಾರೆ: ಈವತ್ತು ಕಷ್ಟವಿದ್ದರೂ ಮುಂದೇನೋ ಕಾದಿದೆ ಅನ್ನಿಸಿದರೆ ಅದು ಇರುತ್ತದೆ. ಅದರಿಂದ ಲೌಕಿಕ ಲಾಭ ಬರಲೇಬೇಕು ಎಂಬ ಷರತ್ತನ್ನು ಅವರು ಹಾಕಲಿಲ್ಲ.

ಕೆಲಸದ ವಿಚಾರದಲ್ಲಿ ಇದರ ಬೆಲೆ ದೊಡ್ಡದು. ‘ನಾನು ಟೀಚರ್ ಆಗಬೇಕು’ ಎಂಬುದು ಮೂಲದ ಮಾತು. ‘ಗೊಂದಲದಲ್ಲಿರುವವರಿಗೆ ವಿಷಯ ಬಿಡಿಸಿ ಹೇಳಿದಾಗ ನನಗೆ ಸಾರ್ಥಕ ಅನ್ನಿಸುತ್ತದೆ’ ಎಂಬುದು ಭಾವದ ಮಾತು. ಮೊದಲನೆಯದಕ್ಕೆ ಒಂದೇ ಬಾಗಿಲು, ಬಿ.ಇಡಿ. ಸೀಟು, ನೇಮಕಾತಿ, ವಯೋಮಿತಿ ಎಲ್ಲ ಆ ಬಾಗಿಲಲ್ಲಿ ನಿಂತಿರುತ್ತವೆ. ಎರಡನೆಯದಕ್ಕೆ ಹತ್ತು ಬಾಗಿಲು.

ಇಮಾಯ್ ತದನೋರಿ ಮತ್ತು ಸಂಗಡಿಗರು 2012ರಲ್ಲಿ ರೂಪಿಸಿದ ‘ಇಕಿಗಾಯ್-9’ ಎಂಬ ಒಂಬತ್ತು ಹೇಳಿಕೆಗಳ ಪ್ರಶ್ನಾವಳಿ ಇದೆ. ಪ್ರತಿ ಹೇಳಿಕೆಗೆ 1ರಿಂದ 5 ಅಂಕ, ಒಟ್ಟು 9ರಿಂದ 45. ಮನಸ್ಸಿಗೆ ನೆಮ್ಮದಿ, ಬಿಡುವು ಇದೆಯೇ. ಹೊಸದನ್ನು ಕಲಿಯುವ, ಬೆಳೆಯುವ ಆಸೆ ಇದೆಯೇ. ನಾನು ಯಾರಿಗಾದರೂ ಬೇಕಾಗಿದ್ದೇನೆಯೇ ಎಂಬ ಮೂರು ದಿಕ್ಕಿನಲ್ಲಿ ಅದು ತಡಕುತ್ತದೆ. ಒಂಬತ್ತರಲ್ಲಿ ಒಂದು ಹೇಳಿಕೆಯೂ ಸಂಬಳದ ಬಗ್ಗೆ ಇಲ್ಲ, ಪರಿಣತಿಯ ಬಗ್ಗೆಯೂ ಇಲ್ಲ. ನಾಲ್ಕು ವೃತ್ತಗಳಲ್ಲಿ ಎರಡು ಇಲ್ಲಿ ಕಾಣುವುದೇ ಇಲ್ಲ ಎಂಬುದನ್ನು ಗಮನಿಸಿ.

ಹದಿನಾಲ್ಕು ದಿನದ ಪುಸ್ತಕ

ಈಗ ಮಾಡುವ ಕೆಲಸಕ್ಕೆ ಬರೋಣ. ಬೇಕಾದ್ದು ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ರಾತ್ರಿ ಹತ್ತು ನಿಮಿಷ. ಒಟ್ಟು 14 ದಿನ. ವಾರಕ್ಕೆ ಐದು ದಿನ ಕೆಲಸವಿರುವವರಿಗೆ ಅದರಲ್ಲಿ ಹತ್ತು ಕೆಲಸದ ದಿನ, ನಾಲ್ಕು ರಜೆಯ ದಿನ. ಫೋನಿನಲ್ಲಿ ಬರೆಯಬಹುದು, ಆದರೆ ಬರೆಯಲು ತೆಗೆದ ಫೋನು ಬೇರೆ ಕಡೆಗೆ ಎಳೆದೊಯ್ಯುತ್ತದೆ, ಕಾಗದವೇ ಲೇಸು.

ದಿನಕ್ಕೆ ಐದಾರು ಸಾಲು. ಪ್ರತಿ ಸಾಲಿನಲ್ಲಿ ನಾಲ್ಕು ಕಲಂ: ಏನು ಮಾಡಿದೆ, ಎಷ್ಟು ಹೊತ್ತು, ಖುಷಿ ಎಷ್ಟು, ಸಾರ್ಥಕ ಎಷ್ಟು. ಖುಷಿಗೂ ಸಾರ್ಥಕಕ್ಕೂ ಪ್ರತ್ಯೇಕವಾಗಿ −2ರಿಂದ +2ರವರೆಗೆ ಅಂಕ. ಖುಷಿಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಮಾಡುವಾಗ ಹಾಯಾಗಿತ್ತಾ?’ ಸಾರ್ಥಕಕ್ಕೆ ‘ಮಾಡಿದ್ದಕ್ಕೂ ಸಾರ್ಥಕ ಆಯ್ತಾ?’ ಅಷ್ಟೇ. ಇದಕ್ಕಿಂತ ದೊಡ್ಡ ಪ್ರಶ್ನೆ ಬೇಡ.

ಸಾಲು ಬರೆಯುವ ರೀತಿಯಲ್ಲಿ ಎಲ್ಲ ನಿಂತಿದೆ. ‘ಮೀಟಿಂಗ್, 1 ಗಂಟೆ’ ಅಂತ ಬರೆದರೆ ಆ ಸಾಲಿನಿಂದ ಏನೂ ಹುಟ್ಟುವುದಿಲ್ಲ. ‘ಪೇಮೆಂಟ್ ಪೇಜು ಯಾಕೆ ನಿಧಾನ ಅಂತ ಹೊಸ ಹುಡುಗನಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದೆ, 40 ನಿಮಿಷ, ಖುಷಿ +1, ಸಾರ್ಥಕ +2’ ಎಂದು ಬರೆಯಬೇಕು. ಕ್ರಿಯಾಪದ ಇರಬೇಕು, ಅದು ಯಾರನ್ನು ತಲುಪಿತು ಎಂಬುದಿರಬೇಕು.

ಎರಡು ಅಂಕ ಯಾಕೆ ಎಂದರೆ, ಅವು ಬೇರೆಬೇರೆಯಾಗುವ ಜಾಗದಲ್ಲೇ ಸುಳಿವು ಅಡಗಿರುತ್ತದೆ. ಮೂರು ಗಂಟೆ ತಲೆಕೆಡಿಸಿಕೊಂಡು ತಾಳೆಯಾಗದ ಲೆಕ್ಕವನ್ನು ಹೊಂದಿಸಿದಿರಿ. ಖುಷಿ −1, ಸಾರ್ಥಕ +2. ಇಂಥ ಸಾಲು ಬಂಗಾರ. ಹಿತವಿಲ್ಲದಿದ್ದರೂ ಸಾರ್ಥಕ ಅನ್ನಿಸಿದ್ದು ವರ್ಷಗಟ್ಟಲೆ ಬಾಳಿಕೆ ಬರುತ್ತದೆ, ಯಾಕೆಂದರೆ ಪ್ರತಿ ಕೆಲಸದಲ್ಲೂ ಹಿತವಲ್ಲದ ಭಾಗ ಇದ್ದೇ ಇರುತ್ತದೆ. ತದ್ವಿರುದ್ಧವಾಗಿ ಖುಷಿ +2, ಸಾರ್ಥಕ 0 ಬಂದ ಸಾಲು ವಿಶ್ರಾಂತಿಯದ್ದು. ಸಿನಿಮಾ ನೋಡಿದ್ದು, ಗೆಳೆಯರೊಂದಿಗೆ ಹರಟಿದ್ದು. ಅದು ಬೇಕು, ಆದರೆ ಅದನ್ನೇ ವೃತ್ತಿ ಮಾಡಿಕೊಳ್ಳಲು ಹೊರಡಬಾರದು. ನಾಲ್ಕು ವೃತ್ತದ ‘ಇಷ್ಟವಾದದ್ದು’ ಎಂಬ ಜಾಗದಲ್ಲಿ ಜನ ಬರೆಯುವ ಪಟ್ಟಿ ಬಹುಪಾಲು ಇದೇ ಬಗೆಯದ್ದು.

ಇನ್ನೊಂದು ಗುರುತು ಸೇರಿಸಿಕೊಳ್ಳಿ. ಆ ಕೆಲಸಕ್ಕೆ ಯಾರಾದರೂ ಹೊಗಳಿದ್ದರೆ ಸಾಲಿನ ಅಂಚಿನಲ್ಲಿ ‘ಹೊ’ ಎಂದು ಬರೆಯಿರಿ. ಹೊಗಳಿಕೆ ಯಾವ ಕೆಲಸದ ಅಂಕವನ್ನಾದರೂ ಏರಿಸುತ್ತದೆ. ಹೊಗಳಿಕೆ ಇಲ್ಲದೆಯೂ +2 ಬಂದ ಸಾಲುಗಳ ಮೇಲೆ ಮಾತ್ರ ಪೂರ್ತಿ ನಂಬಿಕೆ ಇಡಬಹುದು.

ಕೆಡುವುದು ಹೀಗೆ: ಐದು ದಿನ ಬಿಟ್ಟು ಭಾನುವಾರ ಕುಳಿತು ಎಲ್ಲವನ್ನೂ ಒಟ್ಟಿಗೆ ಬರೆಯುವುದು. ನೆನಪು ಜಗಳವನ್ನೂ ಚಪ್ಪಾಳೆಯನ್ನೂ ಇಟ್ಟುಕೊಂಡು, ಬುಧವಾರ ಮಧ್ಯಾಹ್ನದ ಸದ್ದಿಲ್ಲದ ಒಂದು ಗಂಟೆಯನ್ನು ಬಿಟ್ಟುಬಿಡುತ್ತದೆ. ನಮಗೆ ಬೇಕಾದದ್ದು ಆ ಬುಧವಾರ. ಅಪ್ರೈಸಲ್ ನಡೆಯುವ ವಾರ, ಮನೆಯಲ್ಲಿ ಮದುವೆ ಇರುವ ವಾರ, ಜ್ವರ ಬಂದ ವಾರ ಶುರು ಮಾಡಬೇಡಿ. ಅಂಕಗಳು ಆ ಘಟನೆಯ ಬಣ್ಣ ಹಿಡಿಯುತ್ತವೆ. ಪುಸ್ತಕವನ್ನು ಮನೆಯವರಿಗೆ ತೋರಿಸುತ್ತಾ ಬರೆದರೂ ಅಂಕ ಕೆಡುತ್ತದೆ, ಮಗುವಿಗೆ ಹೋಂವರ್ಕ್ ಮಾಡಿಸಿದ್ದಕ್ಕೆ −1 ಹಾಕಲು ಯಾರಿಗೂ ಕೈ ಬರುವುದಿಲ್ಲ.

ಸಾಲುಗಳಿಂದ ವಾಕ್ಯಕ್ಕೆ

ಹದಿನಾಲ್ಕನೆಯ ದಿನಕ್ಕೆ 70–84 ಸಾಲು ಸೇರಿರುತ್ತವೆ. ಸಾರ್ಥಕ +2 ಇರುವವನ್ನು ಬೇರೆ ಹಾಳೆಗೆ ಇಳಿಸಿ. ಐದಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ, ಇನ್ನೊಂದು 14 ದಿನ ಬರೆಯಿರಿ. ಆದರೆ ಒಂದೂ ಇಲ್ಲ, ಖುಷಿಯ ಕಲಮಿನಲ್ಲೂ ಎರಡು ವಾರ ಬರೀ ಸೊನ್ನೆ ಮತ್ತು ಮೈನಸ್ ಅಂಕ, ನಿದ್ದೆ ಊಟ ಎರಡೂ ಕೆಟ್ಟಿವೆ ಅಂದರೆ ಅದು ಕೆಲಸದ ಗುರಿಯ ಪ್ರಶ್ನೆಯಲ್ಲ. ಪುಸ್ತಕ ಮುಚ್ಚಿ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೂ ಆದೀತು.

ಪ್ರತಿ +2 ಸಾಲಿಗೂ ನಾಲ್ಕು ಪ್ರಶ್ನೆ ಹಾಕಿ. ಏನು ಮಾಡಿದೆ? ಯಾವುದರ ಮೇಲೆ ಮಾಡಿದೆ: ಅಂಕಿ, ಬರಹ, ಯಂತ್ರ, ಮಣ್ಣು, ಮನುಷ್ಯರು? ಯಾರಿಗೆ ತಲುಪಿತು? ಯಾವ ಸ್ಥಿತಿಯಲ್ಲಿ: ಒಬ್ಬನೇ, ಗುಂಪಿನಲ್ಲಿ, ಗಡುವಿನ ಒತ್ತಡದಲ್ಲಿ, ನನ್ನಿಷ್ಟದಂತೆ? ಎರಡು ಮೂರು ಉತ್ತರಗಳು ಮತ್ತೆ ಮತ್ತೆ ಬರುತ್ತವೆ. ಅವುಗಳಿಂದ ಒಂದೇ ವಾಕ್ಯ ಕಟ್ಟಿ, ಹುದ್ದೆಯ ಹೆಸರು ಮಾತ್ರ ಬರಕೂಡದು.

ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ವರ್ಷದಿಂದ ಟೆಸ್ಟಿಂಗ್ ಮಾಡುತ್ತಿರುವವರೊಬ್ಬರು ಎಂದುಕೊಳ್ಳಿ. ಹುಡುಕಿದ ಬಗ್‌ಗಳ ಸಾಲುಗಳಿಗೆ 0 ಅಥವಾ +1 ಬಿದ್ದಿದೆ. +2 ಬಿದ್ದದ್ದು ಹೊಸಬರಿಗೆ ಹೇಳಿಕೊಟ್ಟದ್ದಕ್ಕೆ, ಗೊಂದಲವಿದ್ದ ಒಂದು ಕೈಪಿಡಿಯನ್ನು ತಿದ್ದಿ ಬರೆದದ್ದಕ್ಕೆ, ಅಪಾರ್ಟ್‌ಮೆಂಟಿನ ಹಿರಿಯರೊಬ್ಬರಿಗೆ ಯುಪಿಐ ಕಲಿಸಿದ್ದಕ್ಕೆ. ವಾಕ್ಯ ಹೀಗಾಗುತ್ತದೆ: ‘ಅರ್ಥವಾಗದೆ ಹಿಂಜರಿಯುತ್ತಿರುವ ಒಬ್ಬರಿಗೆ, ಎದುರು ಕುಳಿತು, ತಂತ್ರಜ್ಞಾನವನ್ನು ಬಿಡಿಸಿ ಹೇಳುವುದು.’ ಇಲ್ಲಿ ‘ಒಬ್ಬರಿಗೆ’, ‘ಎದುರು ಕುಳಿತು’ ಎಂಬ ಮಾತುಗಳನ್ನು ಬಿಡಬಾರದು. ಅವನ್ನು ಬಿಟ್ಟು ‘ನಾನು ಕಾರ್ಪೊರೇಟ್ ಟ್ರೇನರ್ ಆಗಬೇಕು’ ಎಂದು ಜಿಗಿದವರು ಮುಂದೆ ಎಂಬತ್ತು ಜನರ ಸಭಾಂಗಣದಲ್ಲಿ ಅದೇ ಸ್ಲೈಡ್‌ಗಳನ್ನು ವಾರಕ್ಕೆ ಮೂರು ಸಲ ಓದುತ್ತಾ, ಸಾರ್ಥಕ ಎಲ್ಲಿ ಹೋಯ್ತು ಎಂದು ಕೇಳಿಕೊಳ್ಳುತ್ತಾರೆ.

ವಾಕ್ಯದಿಂದ ಹುದ್ದೆಗೆ ಹೋಗುವ ಮುನ್ನ, ಆ ಹುದ್ದೆಯಲ್ಲಿರುವ ಮೂವರನ್ನು ಹುಡುಕಿ ಮಾತಾಡಿಸಿ. ‘ನಿಮ್ಮ ಕೆಲಸ ಹೇಗಿದೆ?’ ಎಂದರೆ ಚೆನ್ನಾಗಿದೆ ಎನ್ನುತ್ತಾರೆ. ‘ಹೋದ ಮಂಗಳವಾರ ಬೆಳಗ್ಗೆಯಿಂದ ಸಂಜೆಯವರೆಗೆ ಗಂಟೆಗಂಟೆಗೆ ಏನೇನು ಮಾಡಿದ್ರಿ, ಸ್ವಲ್ಪ ಹೇಳ್ತೀರಾ?’ ಎಂದು ಕೇಳಿ. ಆ ಮಂಗಳವಾರದಲ್ಲಿ ನಿಮ್ಮ ವಾಕ್ಯಕ್ಕೆ ಎಷ್ಟು ಗಂಟೆ ಸಿಕ್ಕಿದೆ ಎಂದು ಎಣಿಸಿ. ಎರಡು ಗಂಟೆಯೂ ಸಿಗದಿದ್ದರೆ ಹುದ್ದೆಯ ಹೆಸರಿಗೆ ಮರುಳಾಗಬೇಡಿ.

ಹಣದ ನೆಲೆ

ಹಣವನ್ನು ಇಕಿಗಾಯ್ ಒಳಗೆ ತುರುಕಬಾರದು. ಅದರ ಕೆಳಗೆ ನೆಲವಾಗಿ ಹಾಸಬೇಕು. ಮನೆಯವರೊಂದಿಗೆ ಕುಳಿತು ಒಂದು ಸಂಜೆಯಲ್ಲಿ ಮುಗಿಸುವ ಲೆಕ್ಕ ಇದು. ಒಂದು ಮಾದರಿ: ಬಾಡಿಗೆ 18,000, ದಿನಸಿ ಹಾಲು ತರಕಾರಿ 12,000, ಸಾಲದ ಕಂತು 11,000, ಶಾಲೆಯ ವರ್ಷದ ಶುಲ್ಕ 96,000ವನ್ನು ಹನ್ನೆರಡರಿಂದ ಭಾಗಿಸಿದರೆ 8,000, ಊರಿನಲ್ಲಿರುವ ಅಪ್ಪ ಅಮ್ಮನಿಗೆ 6,000, ವರ್ಷದ ವಿಮೆ 30,000ದ ತಿಂಗಳ ಪಾಲು 2,500, ಓಡಾಟ ಕರೆಂಟು ಫೋನು 6,500. ಒಟ್ಟು 64,000. ಎಣಿಸದೆ ಬಿಟ್ಟದ್ದಕ್ಕೆ ಶೇ. 10 ಸೇರಿಸಿ: 70,400 ರೂಪಾಯಿ. ಇದು ನೆಲ. ಆರು ತಿಂಗಳ ಕಾಪು ನಿಧಿ 4,22,400.

ಕೈಗೆ ಬರುವ ಸಂಬಳ 92,000 ಇದ್ದರೆ ತಿಂಗಳಿಗೆ 21,600 ಉಳಿಯಬೇಕು, ಆರು ತಿಂಗಳ ನಿಧಿ ಕೂಡಲು ಸುಮಾರು 20 ತಿಂಗಳು. ಕೆಲಸ ಬದಲಿಸುವ ದಿನಾಂಕವನ್ನು ಉತ್ಸಾಹ ನಿರ್ಧರಿಸಬಾರದು, ಈ ಅಂಕಿ ನಿರ್ಧರಿಸಬೇಕು. ಹಬ್ಬ, ಮದುವೆ ಉಡುಗೊರೆ, ಊರಿನ ಓಡಾಟದ ಖರ್ಚನ್ನು ಎಲ್ಲರೂ ಮರೆಯುತ್ತಾರೆ, ಶೇ. 10 ಸೇರಿಸಿದ್ದು ಅದಕ್ಕೇ. ನೆಲಕ್ಕಿಂತ ಕೆಳಗಿನ ಸಂಬಳಕ್ಕೆ ‘ಮನಸ್ಸಿಗೆ ಹಿಡಿಸಿದ ಕೆಲಸ ತಾನೇ’ ಎಂದು ಒಪ್ಪಿದವರು ಎಂಟು ತಿಂಗಳಲ್ಲಿ ಸಾಲದ ಚಿಂತೆಯಲ್ಲಿರುತ್ತಾರೆ. ಇಕಿಗಾಯ್-9 ಪ್ರಶ್ನಾವಳಿ ಕೇಳಿದ ಮನಸ್ಸಿನ ಬಿಡುವು ಆಗ ಮೊದಲು ಹೋಗುತ್ತದೆ.

ಹನ್ನೆರಡು ವಾರದ ಪ್ರಯೋಗ

ವಾಕ್ಯ ಸಿಕ್ಕಿತು, ನೆಲ ಗೊತ್ತಾಯಿತು. ಈಗ ಮೂರು ದಾರಿ. ಇರುವ ಕೆಲಸದೊಳಗೇ ಆ ವಾಕ್ಯಕ್ಕೆ ಜಾಗ ಮಾಡಿಕೊಳ್ಳುವುದು, ಕೆಲಸದ ಹೊರಗೆ ಮಾಡುವುದು, ಕೆಲಸ ಬದಲಿಸುವುದು. ಇದೇ ಕ್ರಮದಲ್ಲಿ ಹೋಗಬೇಕು. ಮೂರನೆಯದರಿಂದ ಶುರು ಮಾಡಿದರೆ ಹೊಸ ಆಫೀಸು, ಹೊಸ ಮೇಲಧಿಕಾರಿ, ಹೊಸ ಸಂಬಳ, ಹೊಸ ದಾರಿ ಎಲ್ಲ ಒಟ್ಟಿಗೆ ಬದಲಾಗಿ, ಯಾವುದರಿಂದ ಮನಸ್ಸು ಹಗುರಾಯಿತು ಅಥವಾ ಭಾರವಾಯಿತು ಎಂದು ತಿಳಿಯುವುದಿಲ್ಲ.

ಮೊದಲ ದಾರಿಗೆ ವಾರಕ್ಕೆ 4 ಗಂಟೆ ಸಾಕು. 40 ಗಂಟೆಯ ವಾರದಲ್ಲಿ ಅದು ಹತ್ತನೇ ಒಂದು ಪಾಲು. ಮೇಲಧಿಕಾರಿಯ ಮುಂದೆ ಇಕಿಗಾಯ್ ಎಂಬ ಪದವನ್ನೇ ಎತ್ತಬೇಡಿ. ಅವರಿಗೆ ಬೇಕಾದ್ದು ತಂಡದ ಲಾಭ. ಹೀಗೆ ಹೇಳಬಹುದು: ‘ಸರ್, ಹೊಸಬರು ಸ್ವತಂತ್ರವಾಗಿ ಟಿಕೆಟ್ ಮುಗಿಸೋಕೆ ಈಗ 30 ದಿನ ಹಿಡೀತಿದೆ. ವಾರಕ್ಕೆ ನಾಲ್ಕು ಗಂಟೆ ನಾನು ಅವರ ಜೊತೆ ಕೂತ್ಕೊಂಡ್ರೆ ಮೂರು ತಿಂಗಳಲ್ಲಿ ಅದನ್ನ 20ಕ್ಕೆ ಇಳಿಸಬಹುದು ಅನ್ಸುತ್ತೆ. ಅದಕ್ಕೆ ಬದಲು ಶುಕ್ರವಾರದ ರಿಪೋರ್ಟನ್ನ ಬೇರೆಯವರಿಗೆ ಕೊಡೋಕಾಗುತ್ತಾ?’ ಏನು ಬಿಡುತ್ತೀರಿ ಎಂಬುದನ್ನು ಹೇಳದೆ ಕೇಳಿದರೆ ಆ 4 ಗಂಟೆ ರಾತ್ರಿಯ ನಿದ್ದೆಯಿಂದ ಬರುತ್ತದೆ.

ಎರಡನೆಯ ದಾರಿಗೆ ವಾರಕ್ಕೆ 3 ಗಂಟೆ, 12 ವಾರ, ಒಟ್ಟು 36 ಗಂಟೆ. ಶನಿವಾರ ಬೆಳಗ್ಗೆ 7ರಿಂದ 10 ಎಂದು ನಿಗದಿ ಮಾಡಿಕೊಳ್ಳಿ. ‘ಬಿಡುವಾದಾಗ’ ಎಂದರೆ ಮೂರನೇ ವಾರಕ್ಕೆ ನಿಲ್ಲುತ್ತದೆ. ಶುರು ಮಾಡುವ ಮೊದಲೇ ತೀರ್ಪಿನ ಅಳತೆ ಬರೆದಿಡಿ: 12 ವಾರದಲ್ಲಿ ಕನಿಷ್ಠ 9 ವಾರ ನಡೆದಿರಬೇಕು, ಸಾರ್ಥಕದ ಸರಾಸರಿ +1ಕ್ಕಿಂತ ಕೆಳಗಿಳಿದಿರಬಾರದು, ಕನಿಷ್ಠ ಒಬ್ಬರು ತಾವಾಗಿಯೇ ‘ಇನ್ನೊಂದ್ಸಲ ಬರ್ತೀರಾ?’ ಎಂದು ಕೇಳಿರಬೇಕು. ಮೂರರಲ್ಲಿ ಮೂರೂ ಆದರೆ ಮುಂದಿನ ಹೆಜ್ಜೆ, ಎರಡಾದರೆ ವಾಕ್ಯ ತಿದ್ದಿ ಇನ್ನೊಂದು ಸುತ್ತು, ಒಂದೇ ಆದರೆ ಬೇರೆ ವಾಕ್ಯ. ನಾಲ್ಕನೇ ವಾರದೊಳಗೆ ಯಾವ ತೀರ್ಮಾನವೂ ಬೇಡ. ಮೊದಲ ವಾರಗಳಲ್ಲಿ ಅಂಕ ಏರುವುದು ಹೊಸತನದಿಂದ.

ಇಲ್ಲಿ ಮೂರು ತಪ್ಪು ಹೆಚ್ಚು. ಮೊದಲು ಸಾಮಾನು ಕೊಳ್ಳುವುದು: ಕಲಿಸುವ ಆಸೆ ಬಂದ ಕೂಡಲೇ ಮೈಕು, ದೀಪ, ಕ್ಯಾಮೆರಾ. ಖರ್ಚು ಮಾಡಿದ ಹಣ ತೀರ್ಪನ್ನು ತನ್ನ ಕಡೆಗೆ ವಾಲಿಸುತ್ತದೆ. ಎರಡನೆಯದು ಮೊದಲ ವಾರವೇ ಎಲ್ಲರಿಗೂ ಸಾರುವುದು. ಆಮೇಲೆ ಬಿಡಬೇಕೆನಿಸಿದರೂ ಮುಖ ಉಳಿಸಿಕೊಳ್ಳಲು ಮುಂದುವರಿಸುತ್ತೀರಿ. ಮೂರನೆಯದು ಕೂಡಲೇ ಹಣ ಕೇಳುವುದು. ಹಣ ಬಂದ ದಿನದಿಂದ ಗ್ರಾಹಕರ ಇಷ್ಟ ಒಳಗೆ ಬರುತ್ತದೆ, ಸಾರ್ಥಕದ ಅಳತೆ ಕಲಸಿಹೋಗುತ್ತದೆ. ಆ 36 ಗಂಟೆ ಪುಕ್ಕಟೆಯಾಗಿಯೇ ಇರಲಿ.

ಪ್ರಯೋಗ ಮುಗಿದ ಮೇಲಷ್ಟೇ ಗುರಿ ಬರೆಯುವುದು. ಮೂರು ವರ್ಷಕ್ಕೆ ದಿಕ್ಕು: ಅದೇ ವಾಕ್ಯ, ವಾರಕ್ಕೆ ಇಷ್ಟು ಗಂಟೆ. ಒಂದು ವರ್ಷಕ್ಕೆ ಕೌಶಲ ಮತ್ತು ಕೈಯಲ್ಲಿ ಹಿಡಿದು ತೋರಿಸಬಹುದಾದ ಪುರಾವೆ: ಬರೆದ ಕೈಪಿಡಿ, ಕಲಿತು ಹೋದ ಹತ್ತು ಜನ. ಮೂರು ತಿಂಗಳಿಗೆ ಒಂದು ಅಂಕಿ. ನೋಟಿಸ್ ಅವಧಿ 60 ಅಥವಾ 90 ದಿನ ಇರುವವರು ಬದಲಾವಣೆಯ ದಿನಾಂಕದಿಂದ ಅಷ್ಟನ್ನು ಹಿಂದಕ್ಕೆ ಎಣಿಸಿ.

ಸಾರ್ಥಕದ ಹೆಸರಿನಲ್ಲಿ ಶೋಷಣೆ

ಇದನ್ನು ಹೇಳದೆ ಇಕಿಗಾಯ್ ಬಗ್ಗೆ ಬರೆಯುವುದು ತಪ್ಪಾಗುತ್ತದೆ. ಜಪಾನಿನಲ್ಲೇ ‘ಯಾರಿಗಾಯ್ ಸಕುಶು’ ಎಂಬ ಮಾತಿದೆ, ಸಾರ್ಥಕ ಭಾವದ ಶೋಷಣೆ. ಸಮಾಜಶಾಸ್ತ್ರಜ್ಞೆ ಹೊಂಡಾ ಯೂಕಿ ಸುಮಾರು 2007ರಲ್ಲಿ ಬಳಕೆಗೆ ತಂದ ಮಾತು. ಕೆಲಸದ ಮೇಲಿನ ಪ್ರೀತಿಯನ್ನೇ ಬಂಡವಾಳ ಮಾಡಿಕೊಂಡು ಕಡಿಮೆ ಸಂಬಳಕ್ಕೆ ಹೆಚ್ಚು ದುಡಿಸಿಕೊಳ್ಳುವುದಕ್ಕೆ ಈ ಹೆಸರು. ದುಡಿದು ದುಡಿದೇ ಸಾಯುವುದಕ್ಕೆ ‘ಕರೋಶಿ’ ಎಂಬ ಪದವಿರುವ ದೇಶ ಅದು. 2019ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳಲ್ಲಿ ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ ಎಂಬ ಸಾಮಾನ್ಯ ಮಿತಿಯನ್ನು ಅಲ್ಲಿನ ಕಾನೂನು ಹಾಕಬೇಕಾಯಿತು.

ಹಾಗಾಗಿ ಸಾರ್ಥಕ ಅನ್ನಿಸುವ ಕೆಲಸಕ್ಕೆ ಕರೆ ಬಂದಾಗ ಇನ್ನೂ ಎಚ್ಚರದಿಂದ ಓದಿ. ಸಂಬಳ ನಿಮ್ಮ ನೆಲಕ್ಕಿಂತ ಮೇಲಿದೆಯೇ? ಕೆಲಸದ ವೇಳೆ ಕಾಗದದಲ್ಲಿದೆಯೇ? ರಜೆ ಕೇಳಿದರೆ ‘ಇದು ಬರೀ ಕೆಲಸ ಅಲ್ಲ, ಸೇವೆ’ ಎಂಬ ಉತ್ತರ ಬರುತ್ತದೆಯೇ? ಶಾಲೆ, ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆ, ಹೊಸ ಸ್ಟಾರ್ಟಪ್, ಮಾಧ್ಯಮ, ಈ ಐದು ಕಡೆ ಈ ಮಾತು ಹೆಚ್ಚು ಕೇಳುತ್ತದೆ. ಅಲ್ಲಿನ ಕೆಲಸ ನಿಜವಾಗಿಯೂ ಸಾರ್ಥಕದ್ದೇ. ಅದಕ್ಕೇ ಅಲ್ಲಿ ಗಟ್ಟಿಯಾಗಿ ಕೇಳಬೇಕು.

ಎಲ್ಲವನ್ನೂ ಕೆಲಸದಲ್ಲೇ ಇಡಬೇಡಿ

ಮಿಯಾಗಿ ಪ್ರಾಂತ್ಯದ ಓಸಾಕಿಯಲ್ಲಿ 40ರಿಂದ 79 ವಯಸ್ಸಿನ 43,391 ಜನರನ್ನು ‘ನಿಮಗೆ ಇಕಿಗಾಯ್ ಇದೆಯೇ?’ ಎಂದು ಕೇಳಿ ಏಳು ವರ್ಷ ಗಮನಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಇಲ್ಲ ಎಂದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು, ಮುಖ್ಯವಾಗಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ. ಕ್ಯಾನ್ಸರ್‌ನಲ್ಲಿ ಆ ಸಂಬಂಧ ಕಾಣಲಿಲ್ಲ. ಇಕಿಗಾಯ್ ಇದ್ದರೆ ಆಯುಸ್ಸು ಬೆಳೆಯುತ್ತದೆ ಎಂದು ಇದರಿಂದ ಸಾಧಿಸಲು ಬರುವುದಿಲ್ಲ, ಆರೋಗ್ಯ ಚೆನ್ನಾಗಿದ್ದವರಿಗೆ ಇಕಿಗಾಯ್ ಇರುವುದೂ ಸುಲಭ. ಆದರೆ ಇನ್ನೊಂದು ಅಂಕಿ ಸಮಾಧಾನ ಕೊಡುತ್ತದೆ: ‘ಹೇಳಲಾಗದು’ ಎಂದವರು ಶೇ. 36.4. ಆ ಪದ ಹುಟ್ಟಿದ ನಾಡಿನಲ್ಲೇ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತಮೂರರ ವಯಸ್ಸಿನಲ್ಲಿ ನಿಮಗೆ ಗೊತ್ತಿಲ್ಲದಿದ್ದರೆ ಏನೂ ಮುಳುಗಿಹೋಗಿಲ್ಲ.

ಕೆಲಸವೊಂದೇ ಮೂಲವಾಗಿದ್ದರೆ ನಿವೃತ್ತಿಯ ದಿನ ಅದೂ ಹೋಗುತ್ತದೆ. ಇದನ್ನು ಕಂಡುಕೊಂಡ ಜಪಾನ್ 60 ದಾಟಿದವರಿಗೆ ಹಗುರವಾದ ಕೆಲಸ ಒದಗಿಸುವ ‘ಸಿಲ್ವರ್ ಜಿನ್‌ಜಾಯ್’ ಕೇಂದ್ರಗಳನ್ನು ಕಟ್ಟಿತು. ಮೂಲ 1975ರ ಟೋಕಿಯೊದಲ್ಲಿ. ತೋಟದ ಕತ್ತರಿ ಕೆಲಸ, ಸೈಕಲ್ ನಿಲ್ದಾಣ ನೋಡಿಕೊಳ್ಳುವುದು, ವಿಳಾಸ ಬರೆಯುವುದು. ತಿಂಗಳಿಗೆ ಸುಮಾರು 10 ದಿನ ಅಥವಾ ವಾರಕ್ಕೆ 20 ಗಂಟೆಯ ಮಿತಿ. ಗಳಿಕೆ ಅಲ್ಪ, ಇಕಿಗಾಯ್ ಉಳಿಸುವುದೇ ಅದರ ಘೋಷಿತ ಗುರಿಗಳಲ್ಲೊಂದು. ಕರ್ನಾಟಕದ ಸರ್ಕಾರಿ ನೌಕರರ ನಿವೃತ್ತಿಯೂ 60ಕ್ಕೆ. ಅಂಥ ಕೇಂದ್ರ ನಮ್ಮ ಬೀದಿಯಲ್ಲಿ ಇಲ್ಲವಾದ್ದರಿಂದ ಐವತ್ತರಲ್ಲೇ ಪುಸ್ತಕ ತೆರೆದು, ರಜೆಯ ನಾಲ್ಕು ದಿನಗಳ ಸಾಲುಗಳಲ್ಲಿ +2 ಎಷ್ಟಿವೆ ಎಂದು ನೋಡಿ. ಒಂದೂ ಇಲ್ಲದಿದ್ದರೆ ಮುಂದಿನ 12 ವಾರದ ಪ್ರಯೋಗ ಆಫೀಸಿನ ಹೊರಗೇ ಇರಲಿ.

ಪುಸ್ತಕವನ್ನು ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಮತ್ತೆ 14 ದಿನ ಬರೆಯಿರಿ. ಹಳೆಯ ಸಾಲುಗಳನ್ನು ಮೊದಲೇ ಓದಬೇಡಿ. ಓದಿದರೆ ಕೈ ಅವನ್ನೇ ನಕಲು ಮಾಡುತ್ತದೆ. ಹೊಸದು ಮುಗಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, +2 ಸಾಲುಗಳ ಕ್ರಿಯಾಪದಗಳನ್ನು ಮಾತ್ರ ಹೋಲಿಸಿ. ಅವೇ ಬಂದಿದ್ದರೆ ಮೂರು ವರ್ಷದ ದಿಕ್ಕನ್ನು ಮುಟ್ಟಬೇಡಿ, ಮೂರು ತಿಂಗಳ ಅಂಕಿಯನ್ನಷ್ಟೇ ಬದಲಿಸಿ. ಬೇರೆ ಬಂದಿದ್ದರೆ ವಾಕ್ಯವನ್ನು ಹೊಸದಾಗಿ ಬರೆದು, ಹಳೆಯ ವಾಕ್ಯವನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ದಿನಾಂಕ ಹಾಕಿ.